ವಿಂಕ್ಸ್ ಕ್ಲಬ್‌ನ ರೂಪಾಂತರಗಳಿಗೆ ಮಾರ್ಕ್ಸ್ ಕೊಡುವುದು ಹೇಗೆ: ರೆಕ್ಕೆಯಿಂದ ಪವರ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ವಿಂಕ್ಸ್ ಕ್ಲಬ್ ಅಂದರೆ ಆರು ಕಿನ್ನರಿ ಹುಡುಗಿಯರ ಕಾರ್ಟೂನ್ ಸರಣಿ, ಹೋರಾಡುವಾಗ ಅವರು ರೆಕ್ಕೆ ಇರುವ ಮಾಯಾರೂಪಕ್ಕೆ ಬದಲಾಗುತ್ತಾರೆ, ಆ ರೂಪಗಳು ಹಲವು. ಅದನ್ನು ನೋಡಿದವರನ್ನು ಯಾವ ರೂಪ ಬೆಸ್ಟ್ ಅಂತ ಕೇಳಿ ನೋಡಿ. ಬಹಳಷ್ಟು ಜನ ಒಂದು ಕ್ಷಣವೂ ಯೋಚಿಸದೆ ಎಂಚಾಂಟಿಕ್ಸ್ ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ಮಾತ್ರ ತಡವರಿಸುತ್ತಾರೆ. ಚೆನ್ನಾಗಿದೆ, ರೆಕ್ಕೆ ಸೂಪರ್, ಹಾಡು ಸೂಪರ್, ಅಷ್ಟೇ. ಈ ಉತ್ತರ ತಪ್ಪಲ್ಲ, ಆದರೆ ಸಾಲದು. ಯಾಕೆಂದರೆ ಬಟರ್‌ಫ್ಲಿಕ್ಸ್ ರೆಕ್ಕೆಯೂ ಚೆನ್ನಾಗಿದೆ, ಸಿರೆನಿಕ್ಸ್ ಹಾಡೂ ಚೆನ್ನಾಗಿದೆ, ಆದರೂ ಮನಸ್ಸಿನಲ್ಲಿ ಅವು ಎಂಚಾಂಟಿಕ್ಸ್ ಪಕ್ಕ ನಿಲ್ಲುವುದಿಲ್ಲ ಅಲ್ವಾ? ಏನೋ ಒಂದು ವ್ಯತ್ಯಾಸ ಇದೆ, ಅದನ್ನು ಬೆರಳಿಟ್ಟು ತೋರಿಸಲು ಬರಬೇಕು.

ನಾನು ಈ ಸರಣಿಯನ್ನು ಹಲವು ಸಲ ನೋಡಿದ್ದೇನೆ, ಪ್ರತಿ ರೂಪಕ್ಕೂ ಪುಟಗಟ್ಟಲೆ ಟಿಪ್ಪಣಿ ಬರೆದಿದ್ದೇನೆ. ಅದರಿಂದ ನನಗೆ ಅನ್ನಿಸಿದ್ದು ಇಷ್ಟು. ರೂಪಾಂತರ ಅಂದರೆ ಬಟ್ಟೆ ಬದಲಾಯಿಸುವುದಲ್ಲ. ಆ ಹುಡುಗಿ ಏನು ಕೊಟ್ಟು ಅದನ್ನು ಪಡೆದಳು, ನಿನ್ನೆ ಆಗದ ಯಾವ ಕೆಲಸ ಅದರಿಂದ ಇವತ್ತು ಆಗುತ್ತದೆ, ಇವೆರಡೂ ಅವಳ ಮೈಮೇಲೆ ಕಣ್ಣಿಗೆ ಕಾಣುತ್ತವಾ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಮಾರ್ಕ್ಸ್ ತಾನಾಗಿ ಬರುತ್ತದೆ. ಕೆಳಗಿರುವುದೆಲ್ಲ ಆ ಉತ್ತರ ಹುಡುಕುವ ದಾರಿ.

ಶುರು ಮಾಡುವ ಮುಂಚೆ

ಮೊದಲು ಯಾವ ರೂಪ ಎಲ್ಲಿ ಬರುತ್ತದೆ ಅನ್ನುವುದು ತಲೆಯಲ್ಲಿ ಸ್ಪಷ್ಟವಾಗಿರಲಿ. ಇಜಿನಿಯೋ ಸ್ಟ್ರಾಫಿ ಅವರ ರೇನ್‌ಬೋ ಸ್ಟುಡಿಯೋ ಇಟಲಿಯಲ್ಲಿ ಮಾಡಿದ ಈ ಸರಣಿ 2004ರ ಜನವರಿಯಲ್ಲಿ ಅಲ್ಲಿನ ರಾಯ್ 2 ಚಾನೆಲ್‌ನಲ್ಲಿ ಶುರುವಾಯಿತು. ಒಟ್ಟು ಎಂಟು ಸೀಸನ್, ಒಂದೊಂದರಲ್ಲಿ 26 ಎಪಿಸೋಡ್. ಮೊದಲ ಸೀಸನ್‌ನಲ್ಲಿ ಮ್ಯಾಜಿಕ್ ವಿಂಕ್ಸ್. ಎರಡರಲ್ಲಿ ಚಾರ್ಮಿಕ್ಸ್, ಮೂರರಲ್ಲಿ ಎಂಚಾಂಟಿಕ್ಸ್. ನಾಲ್ಕರಲ್ಲಿ ಬಿಲೀವಿಕ್ಸ್, ಅದರ ಜೊತೆಗೆ ಸೋಫಿಕ್ಸ್ ಮತ್ತು ಲವಿಕ್ಸ್. ಐದರಲ್ಲಿ ಹಾರ್ಮೋನಿಕ್ಸ್ ಮತ್ತು ಸಿರೆನಿಕ್ಸ್, ಆರರಲ್ಲಿ ಬ್ಲೂಮಿಕ್ಸ್ ಮತ್ತು ಮಿಥಿಕ್ಸ್, ಏಳರಲ್ಲಿ ಬಟರ್‌ಫ್ಲಿಕ್ಸ್ ಮತ್ತು ಟೈನಿಕ್ಸ್. 2019ರ ಎಂಟನೇ ಸೀಸನ್‌ನಲ್ಲಿ ಕಾಸ್ಮಿಕ್ಸ್.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಮೊದಮೊದಲು ಸೀಸನ್‌ಗೆ ಒಂದೇ ರೂಪ. ಆಮೇಲೆ ಒಂದು ಸೀಸನ್‌ನಲ್ಲೇ ಎರಡು, ಮೂರು. ಈ ಲೆಕ್ಕ ಮುಂದೆ ಕೆಲಸಕ್ಕೆ ಬರುತ್ತದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ರೂಪಕ್ಕೂ ಒಂದು ಪುಟ. ಮೂರು ದೃಶ್ಯ ಹುಡುಕಿ ಇಟ್ಟುಕೊಳ್ಳಿ: ಆ ರೂಪ ಮೊದಲ ಸಲ ಸಿಗುವ ದೃಶ್ಯ, ಪೂರ್ತಿ ರೂಪಾಂತರದ ದೃಶ್ಯ, ಮತ್ತು ಆ ರೂಪದಲ್ಲಿ ಅವರು ನಿಜವಾಗಿ ಕಷ್ಟಪಟ್ಟು ಹೋರಾಡುವ ಒಂದು ದೃಶ್ಯ. ಬರೀ ರೂಪಾಂತರದ ತುಣುಕುಗಳನ್ನು ಸಾಲಾಗಿ ನೋಡಿ ಮಾರ್ಕ್ಸ್ ಕೊಡುವುದೇ ಎಲ್ಲರೂ ಮಾಡುವ ದೊಡ್ಡ ತಪ್ಪು. ಆಗ ನೀವು ನೋಡುತ್ತಿರುವುದು ಫ್ಯಾಷನ್ ಶೋ, ಕಥೆ ಅಲ್ಲ.

ಮೊದಲ ಹಂತ: ಸೌಂಡ್ ಬಂದ್ ಮಾಡಿ ನೋಡಿ

ಹಾಡು ತುಂಬಾ ಮೋಸ ಮಾಡುತ್ತದೆ. ಒಳ್ಳೆ ಹಾಡಿದ್ದರೆ ಸುಮಾರಾದ ಚಿತ್ರವೂ ಮೈ ಜುಮ್ಮೆನಿಸುತ್ತದೆ. ಅದಕ್ಕೇ ಮೊದಲ ಸುತ್ತು ಸೌಂಡ್ ಇಲ್ಲದೆ ಇರಲಿ. ರೂಪಾಂತರ ಮುಗಿದು ಕೊನೆಯ ಭಂಗಿಯಲ್ಲಿ ನಿಲ್ಲುತ್ತಾರಲ್ಲ, ಅಲ್ಲಿ ತಡೆದು ನಿಲ್ಲಿಸಿ.

ಈಗ ಕಣ್ಣು ಅರ್ಧ ಮುಚ್ಚಿ ನೋಡಿ, ಇಲ್ಲವೇ ಆ ಚಿತ್ರವನ್ನು ಪೂರ್ತಿ ಕಪ್ಪು ಮಾಡಿ ಬರೀ ಆಕಾರ ಉಳಿಸಿ. ಬ್ಲೂಮ್, ಸ್ಟೆಲ್ಲಾ, ಫ್ಲೋರಾ, ಮ್ಯೂಸಾ, ಟೆಕ್ನಾ, ಐಶಾ, ಈ ಆರು ಜನರಲ್ಲಿ ಯಾರು ಯಾರು ಅಂತ ಹೇಳಲು ಆಗುತ್ತದಾ? ಮ್ಯಾಜಿಕ್ ವಿಂಕ್ಸ್‌ನಲ್ಲಿ ಟೆಕ್ನಾಳನ್ನು ಗುರುತಿಸುವುದು ಬಹಳ ಸುಲಭ. ಮೈತುಂಬ ಮುಚ್ಚಿದ ಸೂಟ್, ತಲೆಗೆ ಹೆಲ್ಮೆಟ್ ಥರದ್ದು, ನೇರ ಗೆರೆಗಳ ರೆಕ್ಕೆ. ಸ್ಕರ್ಟ್ ಇಲ್ಲ, ಅಲಂಕಾರ ಕಡಿಮೆ. ಲೆಕ್ಕ, ಯಂತ್ರ ಅಂತಲೇ ಯೋಚಿಸುವ ಹುಡುಗಿ ಹೀಗೇ ಇರುತ್ತಾಳೆ ಅನ್ನಿಸುತ್ತದೆ. ಅದೇ ಟೆಕ್ನಾಳನ್ನು ಬಟರ್‌ಫ್ಲಿಕ್ಸ್‌ನಲ್ಲಿ ನೋಡಿ. ದೊಡ್ಡ ಚಿಟ್ಟೆ ರೆಕ್ಕೆ, ಹಿಂದೆ ಹರಿಯುವ ಬಟ್ಟೆ, ಹೂವಿನ ನೆನಪು ತರುವ ಅಲಂಕಾರ. ಗಿಡ ಹೂವುಗಳ ಕಿನ್ನರಿ ಫ್ಲೋರಾಗೆ ಇದು ಹೇಳಿ ಮಾಡಿಸಿದ ಹಾಗಿದೆ. ಟೆಕ್ನಾಗೆ? ಬಣ್ಣ ತೆಗೆದರೆ ಅವಳು ಯಾರಾದರೂ ಆಗಬಹುದು. ಇಲ್ಲಿ ಮಾರ್ಕ್ಸ್ ಹೋಗಬೇಕು, ರೆಕ್ಕೆ ಎಷ್ಟೇ ಸುಂದರವಾಗಿರಲಿ.

ಆಮೇಲೆ ಬಣ್ಣಕ್ಕೆ ಬನ್ನಿ. ಇಲ್ಲಿ ಅವಸರ ಬೇಡ, ಬಣ್ಣದ ಆಟ ಸ್ವಲ್ಪ ಸೂಕ್ಷ್ಮ. ಬ್ಲೂಮ್ ಬೆಂಕಿಯ ಕಿನ್ನರಿ, ಡ್ರ್ಯಾಗನ್ ಜ್ವಾಲೆ ಅವಳೊಳಗಿದೆ. ಆದರೆ ಮೊದಲ ರೂಪದಲ್ಲಿ ಅವಳ ಡ್ರೆಸ್ ಮಿನುಗುವ ತಿಳಿ ನೀಲಿ. ಬೆಂಕಿಗೆ ನೀಲಿ ಯಾಕೆ ಅಂತ ಸುಮಾರು ಜನ ಇದನ್ನು ತಪ್ಪು ಅಂತ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಅವಳ ಕೂದಲನ್ನು ನೋಡಿ, ಸೊಂಟದವರೆಗೆ ಇಳಿಬಿದ್ದ ಕಿತ್ತಳೆಗೆಂಪು ಕೂದಲು. ಬೆಂಕಿ ಅಲ್ಲೇ ಇದೆ. ಡ್ರೆಸ್ ಕೂಡ ಕೆಂಪಾಗಿದ್ದರೆ ಎಲ್ಲ ಕಲಸಿಹೋಗುತ್ತಿತ್ತು. ನೀಲಿ ಇರುವುದರಿಂದಲೇ ಕೂದಲು ಉರಿಯುವ ಹಾಗೆ ಎದ್ದು ಕಾಣುತ್ತದೆ. ಅವಳು ಕೈಯಿಂದ ಬೆಂಕಿ ಎಸೆದಾಗಲೂ ಅದು ಬಟ್ಟೆಯ ಬಣ್ಣದಲ್ಲಿ ಕಳೆದುಹೋಗುವುದಿಲ್ಲ. ಹಾಗಾಗಿ ಬಣ್ಣಕ್ಕೆ ಮಾರ್ಕ್ಸ್ ಕೊಡುವಾಗ "ಶಕ್ತಿಯ ಬಣ್ಣ ಇದೆಯಾ" ಅಂತ ಕೇಳಬೇಡಿ. "ಶಕ್ತಿ ಹೊರಬಂದಾಗ ಕಾಣುತ್ತದಾ" ಅಂತ ಕೇಳಿ. ಐಶಾ ವಿಷಯದಲ್ಲೂ ಹಾಗೇ. ಮೊದಲ ರೂಪದಲ್ಲಿ ಅವಳ ಬಟ್ಟೆ ಹಸಿರು, ಅವಳು ಬಳಸುವ ಮಾರ್ಫಿಕ್ಸ್ ಅನ್ನುವ ದ್ರವ ಗುಲಾಬಿ. ಪಕ್ಕಾ ಎದ್ದು ಕಾಣುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಟ್ರಾಫಿ ಮೊದಲು ಮಾಡಿಸಿದ ಪೈಲಟ್, ಅಂದರೆ ಮಾದರಿ ಎಪಿಸೋಡ್, ಅವರಿಗೇ ಇಷ್ಟವಾಗಲಿಲ್ಲ, ಬೇರೆ ಕಾರ್ಟೂನ್‌ಗಳ ಥರವೇ ಇದೆ ಅನ್ನಿಸಿತು. ಅದನ್ನು ಪಕ್ಕಕ್ಕಿಟ್ಟು, ಫ್ಯಾಷನ್ ಡಿಸೈನರ್‌ಗಳನ್ನು ಕರೆಸಿ ಪಾತ್ರಗಳ ನೋಟವನ್ನು ಹೊಸದಾಗಿ ಮಾಡಿಸಿದರು. ಈ ಸರಣಿಯಲ್ಲಿ ಬಟ್ಟೆ ಅನ್ನುವುದು ಅಷ್ಟು ಮುಖ್ಯ. ಹಾಗಾಗಿ "ಬಟ್ಟೆ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ" ಅಂತ ಯಾರಾದರೂ ಕೇಳಿದರೆ ಹೌದು, ಕೆಡಿಸಿಕೊಳ್ಳಬೇಕು. ಮಾಡಿದವರೇ ಕೆಡಿಸಿಕೊಂಡಿದ್ದಾರೆ.

ಎರಡನೇ ಹಂತ: ಅದೇ ಹುಡುಗಿಯನ್ನು ಸಾದಾ ಬಟ್ಟೆಯಲ್ಲಿ ಪಕ್ಕಕ್ಕಿಡಿ

ಇದು ಚಿಕ್ಕ ಹಂತ, ಆದರೆ ಬಿಡಬೇಡಿ. ಆ ಸೀಸನ್‌ನ ನಿತ್ಯದ ಬಟ್ಟೆಯ ಚಿತ್ರ ಒಂದು ಕಡೆ, ರೂಪಾಂತರದ ಚಿತ್ರ ಇನ್ನೊಂದು ಕಡೆ. ಎರಡರ ನಡುವೆ ಎಷ್ಟು ದೂರ ಇದೆ? ದೂರ ಕಡಿಮೆ ಇದ್ದರೆ ಮಾಂತ್ರಿಕ ಅನ್ನಿಸುವುದಿಲ್ಲ. ಎಂಚಾಂಟಿಕ್ಸ್‌ನಲ್ಲಿ ಉದ್ದ ಗ್ಲೌಸ್, ಬರಿಗಾಲಿಗೆ ಸುತ್ತಿದ ಆಭರಣದಂಥ ಚಪ್ಪಲಿ, ಹಲವು ಬಣ್ಣದ ದೊಡ್ಡ ರೆಕ್ಕೆ, ಕೊರಳಲ್ಲಿ ಮಾಯಾಧೂಳಿಯ ಪುಟ್ಟ ಸೀಸೆ. ಶಾಲೆಗೆ ಹೋಗುವ ಹುಡುಗಿ ಇದನ್ನು ಹಾಕಿಕೊಂಡು ತಿರುಗಾಡುವುದನ್ನು ಊಹಿಸಲೂ ಆಗುವುದಿಲ್ಲ. ಬಿಲೀವಿಕ್ಸ್ ಹಾಗಲ್ಲ, ಅದು ಬೇಕಂತಲೇ ನಿತ್ಯದ ಫ್ಯಾಷನ್ ಕಡೆ ವಾಲಿದೆ. ನಾಲ್ಕನೇ ಸೀಸನ್‌ನ ಕಥೆ ಭೂಮಿಯ ಮೇಲೆ, ಗಾರ್ಡೇನಿಯಾ ಊರಿನಲ್ಲಿ ನಡೆಯುತ್ತದೆ. ಅವರು ಜನರ ನಡುವೆ ಬದುಕುತ್ತಾರೆ, ಲವ್ ಆಂಡ್ ಪೆಟ್ ಅಂತ ಅಂಗಡಿ ನಡೆಸುತ್ತಾರೆ. ಬಟ್ಟೆ ಜನರ ಹತ್ತಿರ ಬಂದಿದ್ದಕ್ಕೆ ಕಥೆಯಲ್ಲಿ ಕಾರಣ ಇದೆ. ಕಾರಣ ಇದೆ ಅಂತ ಪೂರ್ತಿ ಮಾರ್ಕ್ಸ್ ಕೊಡಬೇಕಾಗಿಲ್ಲ, ಆದರೆ ಕಾರಣ ತಿಳಿಯದೆ ಕಡಿತ ಮಾಡಬೇಡಿ.

ಮೂರನೇ ಹಂತ: ಈಗ ಸೌಂಡ್ ಹಾಕಿ, ರೂಪಾಂತರದ ದೃಶ್ಯ ನೋಡಿ

ಇಲ್ಲಿ ನೋಡಬೇಕಾದ್ದು ಮೂರೇ. ಒಂದು, ರೆಕ್ಕೆ ಯಾವಾಗ ಬರುತ್ತದೆ. ರೆಕ್ಕೆ ಅನ್ನುವುದು ಆ ದೃಶ್ಯದ ತುದಿ, ಅದು ಹಾಡಿನ ಏರುದನಿಯ ಜೊತೆ ಬಿಚ್ಚಿಕೊಳ್ಳಬೇಕು. ಎರಡು, ಅವರ ಚಲನೆ ಅವರದ್ದೇನಾ? ಸಂಗೀತದ ಕಿನ್ನರಿ ಮ್ಯೂಸಾ ತಾಳಕ್ಕೆ ಕುಣಿಯಬೇಕು, ಐಶಾಗೆ ನೃತ್ಯ ಮತ್ತು ಕ್ರೀಡೆ ಮೈಗೂಡಿದೆ, ಅವಳು ಮೈ ಬಳುಕಿಸಿ ಹಾರಬೇಕು. ಎಲ್ಲರೂ ಒಂದೇ ಥರ ತಿರುಗಿ ಒಂದೇ ಥರ ನಿಂತರೆ ಕಡಿತ. ಮೂರು, ನಾಲ್ಕನೇ ಸಲ ನೋಡಿದಾಗಲೂ ಸ್ಕಿಪ್ ಮಾಡದೆ ಕೂರುತ್ತೀರಾ? ಈ ದೃಶ್ಯಗಳನ್ನು ಒಮ್ಮೆ ಮಾಡಿ ಮತ್ತೆ ಮತ್ತೆ ಬಳಸುತ್ತಾರೆ, ಹಾಗಾಗಿ ಮತ್ತೆ ಮತ್ತೆ ನೋಡಿಸಿಕೊಳ್ಳುವ ಗುಣವೇ ಅದರ ನಿಜವಾದ ಪರೀಕ್ಷೆ.

ತ್ರೀಡಿ ರೂಪಗಳನ್ನು ಟೂಡಿ ರೂಪಗಳ ಜೊತೆ ನೇರವಾಗಿ ತೂಗಬೇಡಿ. 2012ರಲ್ಲಿ ಬಂದ ಐದನೇ ಸೀಸನ್‌ನಿಂದ ಕೆಲವು ಭಾಗ ಕಂಪ್ಯೂಟರ್ ಅನಿಮೇಶನ್. ನೀರಿನಡಿಯ ಅನಂತ ಸಾಗರದಲ್ಲಿ ಸಿರೆನಿಕ್ಸ್, ಲೆಜೆಂಡೇರಿಯಂ ಅನ್ನುವ ಮಾಯಾಪುಸ್ತಕದ ಲೋಕದೊಳಗೆ ಮಿಥಿಕ್ಸ್, ಪುಟ್ಟ ಲೋಕಗಳಲ್ಲಿ ಟೈನಿಕ್ಸ್. ತ್ರೀಡಿಯಲ್ಲಿ ಮುಖ ಗೊಂಬೆಯ ಹಾಗೆ ಬಿಗಿಯಾಗಿ ಕಾಣುತ್ತದೆ ಅಂತ ನನಗೂ ಬೇಜಾರಿದೆ. ಆದರೆ ಸಿರೆನಿಕ್ಸ್ ನೀರಿನಲ್ಲಿ ಕೂದಲು ತೇಲುವುದು, ಬೆಳಕು ಒಡೆಯುವುದು, ಇವು ಆ ಜಾಗಕ್ಕೆ ಸರಿಯಾಗಿ ಹೊಂದುತ್ತವೆ. ಮುಖಕ್ಕೆ ಕಡಿತ ಮಾಡಿ, ನೀರಿಗೆ ಕೊಡಿ.

ನಾಲ್ಕನೇ ಹಂತ: ಏನು ಕೊಟ್ಟು ಪಡೆದಳು?

ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ನನ್ನ ಪ್ರಕಾರ ಅರ್ಧ ತೀರ್ಪು ಇಲ್ಲೇ ಆಗುತ್ತದೆ.

ಎಂಚಾಂಟಿಕ್ಸ್‌ನ ನಿಯಮ ಸರಳ ಮತ್ತು ಕಠಿಣ. ತನ್ನ ಲೋಕದವರೊಬ್ಬರನ್ನು ಉಳಿಸಲು ದೊಡ್ಡ ತ್ಯಾಗ ಮಾಡಬೇಕು. ಐಶಾ ಕಣ್ಣು ಕಳೆದುಕೊಂಡಿರುತ್ತಾಳೆ, ವಾಸಿಯಾಗುವ ಒಂದೇ ಅವಕಾಶ ಕೈಗೆ ಬರುತ್ತದೆ, ಅದನ್ನು ತನಗೆ ಇಟ್ಟುಕೊಳ್ಳದೆ ಮತ್ಸ್ಯಕನ್ಯೆಯರ ರಾಣಿಗೆ ಕೊಡುತ್ತಾಳೆ. ಸ್ಟೆಲ್ಲಾ ಅಪ್ಪನನ್ನು ಉಳಿಸಲು ಡ್ರ್ಯಾಗನ್‌ಗೆ ಅಡ್ಡ ನಿಲ್ಲುತ್ತಾಳೆ. ಮ್ಯೂಸಾ ತನ್ನ ಲೋಕದ ರಾಜಕುಮಾರಿ ಗಲಾಟಿಯಾಳನ್ನು ಉಳಿಸುತ್ತಾಳೆ, ಫ್ಲೋರಾ ತಂಗಿಯನ್ನು. ಪ್ರತಿಯೊಬ್ಬಳಿಗೂ ಬೇರೆ ಬೇರೆ ಎಪಿಸೋಡ್, ಬೇರೆ ಬೇರೆ ಭಯ, ಬೇರೆ ಬೇರೆ ಬೆಲೆ. ಸ್ಟೆಲ್ಲಾಳನ್ನು ಅಲ್ಲಿಯವರೆಗೆ ಬರೀ ಕನ್ನಡಿ ಮುಂದೆ ನಿಲ್ಲುವ ಹುಡುಗಿ ಅಂದುಕೊಂಡವರು ಆ ಎಪಿಸೋಡ್ ಆದಮೇಲೆ ಹಾಗೆ ಅನ್ನುವುದಿಲ್ಲ.

ಟೆಕ್ನಾ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅವಳು ಐಶಾಳ ಲೋಕವಾದ ಆಂಡ್ರೋಸ್‌ನಲ್ಲಿ ಓಮೆಗಾ ದ್ವಾರವನ್ನು ಮುಚ್ಚಲು ತನ್ನನ್ನೇ ಕೊಟ್ಟುಕೊಳ್ಳುತ್ತಾಳೆ, ಸತ್ತೇಹೋದಳು ಅಂತ ಗೆಳತಿಯರೆಲ್ಲ ನಂಬುತ್ತಾರೆ. ಅವಳು ಉಳಿಸಿದ್ದು ತನ್ನ ಲೋಕದವರನ್ನು ಮಾತ್ರ ಅಲ್ಲವಲ್ಲ, ನಿಯಮ ಮುರಿಯಿತಲ್ಲ ಅಂತ ವಾದ ಇದೆ. ನಿಯಮದ ಅಕ್ಷರ ನೋಡಿದರೆ ಪ್ರಶ್ನೆ ಸರಿ. ಆದರೆ ಯಾವಾಗಲೂ ಲೆಕ್ಕ ಹಾಕಿ ಹೆಜ್ಜೆ ಇಡುವ ಹುಡುಗಿ, ಬದುಕುಳಿಯುವ ಲೆಕ್ಕವೇ ಇಲ್ಲದ ಕಡೆ ತಾನಾಗಿ ಹೋಗುತ್ತಾಳೆ. ಇಡೀ ಸರಣಿಯಲ್ಲಿ ಅವಳ ಅತಿ ದೊಡ್ಡ ಕ್ಷಣ ಇದು. ನಾನು ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ, ಒಂದೂ ಕಡಿಮೆ ಮಾಡುವುದಿಲ್ಲ.

ಇನ್ನು ಬ್ಲೂಮ್. ಅವಳ ಲೋಕ ಡಾಮಿನೋ ನಾಶವಾಗಿದೆ, ಉಳಿಸಲು ಅಲ್ಲಿ ಯಾರೂ ಇಲ್ಲ. ಪೈರೋಸ್ ದ್ವೀಪದಲ್ಲಿ ತನ್ನ ಸ್ವಂತ ಛಲದಿಂದ ಆ ರೂಪ ಪಡೆಯುತ್ತಾಳೆ. ಹಾಗಾಗಿ ಅದು ಅಪೂರ್ಣ, ಉಳಿದವರಂತೆ ಪುಟ್ಟದಾಗಿ ಕುಗ್ಗಲು ಅವಳಿಗೆ ಆಗುವುದಿಲ್ಲ. ಕಥೆಯ ನಾಯಕಿ ಅವಳು, ಆದರೂ ನಿಯಮವನ್ನು ಅವಳಿಗಾಗಿ ಸುಮ್ನೆ ಸಡಿಲಿಸಿಲ್ಲ. ನಿಯಮ ಬೈಪಾಸ್ ಮಾಡಿದ್ದಕ್ಕೆ ಒಂದು ಕೊರತೆ ಇಟ್ಟಿದ್ದಾರೆ. ಮೂರನೇ ಸೀಸನ್ ಬರೆದವರ ಮೇಲೆ ನನಗೆ ತುಂಬಾ ಗೌರವ ಇರುವುದು ಇದೇ ಕಾರಣಕ್ಕೆ.

ಬಿಲೀವಿಕ್ಸ್ ಪೂರ್ತಿ ಬೇರೆ ದಿಕ್ಕು. ಅದರ ಶಕ್ತಿ ಭೂಮಿಯ ಜನ ಕಿನ್ನರಿಯರನ್ನು ನಂಬುವುದರಲ್ಲಿದೆ. ರಾಕ್ಸಿ ಅನ್ನುವ ಹುಡುಗಿ ನಂಬಿದಾಗ ಅದು ಸಿಗುತ್ತದೆ. ಯೋಚನೆ ನಿಜಕ್ಕೂ ಚೆನ್ನಾಗಿದೆ, ಶಕ್ತಿ ನಿಮ್ಮೊಳಗಿಲ್ಲ, ಎದುರಿಗಿರುವವರ ಮನಸ್ಸಿನಲ್ಲಿದೆ. ಕೊರತೆ ಏನೆಂದರೆ ಎಲ್ಲರಿಗೂ ಒಂದೇ ಸಲ ಸಿಗುತ್ತದೆ. ಆರು ಜನರ ಆರು ಕಥೆ ಒಂದೇ ಕಥೆಯಾಗಿ ಕುಗ್ಗಿತು. ಹೀಗೆ ಗುಂಪಾಗಿ ಸಿಕ್ಕ ರೂಪಗಳಿಗೆ ಈ ಹಂತದಲ್ಲಿ ಪೂರ್ತಿ ಮಾರ್ಕ್ಸ್ ಕೊಡಬಾರದು ಅನ್ನುವುದು ನನ್ನ ನಿಯಮ.

ಚಾರ್ಮಿಕ್ಸ್ ಅನ್ನು ಜನ ಅದೊಂದು ಬ್ರೋಚ್ ಮತ್ತು ಪುಟ್ಟ ಬ್ಯಾಗ್ ಅಷ್ಟೇ ಅಂತ ತಳ್ಳಿಹಾಕುತ್ತಾರೆ. ಕಣ್ಣಿಗೆ ನಿಜವಾಗಿಯೂ ಅಷ್ಟೇ, ಹಳೆ ಡ್ರೆಸ್ ಮೇಲೆ ಎರಡು ಆಭರಣ. ಆದರೆ ಅದು ಸಿಗುವುದು ತಮ್ಮೊಳಗಿನ ಒಂದು ಕುಂದನ್ನು ದಾಟಿದಾಗ. ಡಿಸೈನ್‌ನಲ್ಲಿ ಕಡಿಮೆ, ಇಲ್ಲಿ ಜಾಸ್ತಿ. ಹೀಗೆ ಬೇರೆ ಬೇರೆಯಾಗಿ ತೂಗಿದರೆ ಮಾತ್ರ ಇಂಥ ರೂಪಗಳಿಗೆ ನ್ಯಾಯ ಸಿಗುತ್ತದೆ.

ಬ್ಲೂಮಿಕ್ಸ್ ಬಗ್ಗೆಯೂ ಒಂದು ಮಾತು. ಶಕ್ತಿ ಕಳೆದುಕೊಂಡ ಗೆಳತಿಯರಿಗೆ ಬ್ಲೂಮ್ ತನ್ನ ಡ್ರ್ಯಾಗನ್ ಜ್ವಾಲೆಯ ಒಂದೊಂದು ಪಾಲು ಕೊಡುತ್ತಾಳೆ, ಆಮೇಲೆ ಒಬ್ಬೊಬ್ಬರೂ ಧೈರ್ಯ ತೋರಿಸಿ ರೂಪ ಪಡೆಯುತ್ತಾರೆ. ಕೊಡುವವಳೂ ಏನೋ ಕಳೆದುಕೊಳ್ಳುತ್ತಾಳೆ, ಪಡೆಯುವವಳೂ ಏನೋ ಮಾಡಬೇಕು. ಎಂಚಾಂಟಿಕ್ಸ್ ಆದಮೇಲೆ ಈ ಲೆಕ್ಕ ಇಷ್ಟು ಚೆನ್ನಾಗಿ ಕೂತಿರುವುದು ಇಲ್ಲೇ. ಅದರ ಹೆಸರು ಬ್ಲೂಮ್ ಹೆಸರಿನ ಮೇಲಿದೆ ಅನ್ನುವ ಸಿಟ್ಟಿಗೆ ಬಹಳ ಜನ ಇದನ್ನು ಗಮನಿಸುವುದೇ ಇಲ್ಲ.

ಐದನೇ ಹಂತ: ಪವರ್ ಅಳೆಯುವುದು

"ಯಾವುದು ಜಾಸ್ತಿ ಸ್ಟ್ರಾಂಗ್" ಅಂತ ಕೇಳಬೇಡಿ. ಪ್ರತಿ ಹೊಸ ರೂಪವೂ ಹಳೆಯದಕ್ಕಿಂತ ಸ್ಟ್ರಾಂಗ್ ಅಂತಲೇ ಕಥೆ ಹೇಳುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಹೊಸದಾಗಿ ಏನು ಮಾಡಬಲ್ಲರು ಅಂತ ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಆ ರೂಪಕ್ಕೆ ಪವರ್‌ನಲ್ಲಿ ದೊಡ್ಡ ಸಮಸ್ಯೆ ಇದೆ.

ಎಂಚಾಂಟಿಕ್ಸ್‌ಗೆ ಬರೆಯುವುದು ಸುಲಭ: ಮಾಯಾಧೂಳಿಯಿಂದ ಕೆಟ್ಟ ಮಂತ್ರ ಬಿಡಿಸಬಲ್ಲರು, ಪುಟ್ಟದಾಗಬಲ್ಲರು. ಬಿಲೀವಿಕ್ಸ್ ಇನ್ನೂ ಸ್ಪಷ್ಟ, ಅದರಲ್ಲಿ ಕೆಲಸಕ್ಕೆ ತಕ್ಕ ರೆಕ್ಕೆ ಬದಲಾಗುತ್ತದೆ. ವೇಗಕ್ಕೆ ಸ್ಪೀಡಿಕ್ಸ್, ಕ್ಷಣದಲ್ಲಿ ಜಾಗ ಬದಲಿಸಲು ಝೂಮಿಕ್ಸ್, ಆ ಜಾಗದಲ್ಲಿ ಹಿಂದೆ ನಡೆದದ್ದನ್ನು ಕಾಣಲು ಟ್ರೇಸಿಕ್ಸ್. ಟ್ರೇಸಿಕ್ಸ್ ನನಗೆ ತುಂಬಾ ಇಷ್ಟ, ಹೊಡೆದಾಟಕ್ಕೆ ಸಂಬಂಧವೇ ಇಲ್ಲದ, ಕಥೆಯನ್ನು ಮುಂದೆ ಒಯ್ಯುವ ಶಕ್ತಿ ಅದು. ಸಿರೆನಿಕ್ಸ್‌ಗೂ ಕಾರಣ ಗಟ್ಟಿ ಇದೆ, ಹಳೆ ಶಕ್ತಿ ನೀರಿನಡಿ ಕುಂದುತ್ತದೆ, ಅದಕ್ಕೇ ಹೊಸದು ಬೇಕು. ಅದನ್ನು ಪಡೆಯಲು ಒಂದು ಚಂದ್ರಚಕ್ರದಷ್ಟೇ ಗಡುವು, ತಪ್ಪಿದರೆ ಶಕ್ತಿ ಹೋಯಿತು. ಆ ಗಡುವಿನಿಂದ ಕಥೆಗೆ ಬಿಗಿ ಬಂದಿದೆ.

ಹೊಸ ಶಕ್ತಿ ಬರೆದಾಯಿತು ಅಂದರೆ ಕೆಳಗೆ ಮಿತಿ ಬರೆಯಿರಿ. ಯಾವಾಗ ಕೆಲಸ ಮಾಡುವುದಿಲ್ಲ? ಸೂರ್ಯ ಚಂದ್ರರ ಕಿನ್ನರಿ ಸ್ಟೆಲ್ಲಾ ಬೆಳಕು ಸಿಗದ ಕಡೆ ಸೊರಗುತ್ತಾಳೆ. ಇದು ಬಹಳ ಒಳ್ಳೆಯ ಮಿತಿ, ಯಾಕೆಂದರೆ ಅದು ಅವಳ ಶಕ್ತಿಯ ಒಳಗಿನಿಂದಲೇ ಹುಟ್ಟಿದೆ, ಹೊರಗಿನಿಂದ ಅಂಟಿಸಿದ್ದಲ್ಲ. ಮಿತಿ ಇಲ್ಲದ ಶಕ್ತಿ ಬಂದರೆ ಕಥೆ ಅದನ್ನು ಹೇಗೆ ನಿಭಾಯಿಸುತ್ತದೆ ನೋಡಿ. ನಾಲ್ಕನೇ ಸೀಸನ್‌ನಲ್ಲಿ ಸತ್ತವರನ್ನು ಬದುಕಿಸಬಲ್ಲ ಕಪ್ಪು ವರ ಬರುತ್ತದೆ. ಐಶಾ ಪ್ರೀತಿಸುವ ನಾಬು ಸಾಯುತ್ತಾನೆ, ಅವಳು ಆ ವರ ಬಳಸಲು ಓಡುತ್ತಾಳೆ, ಆಗ ಆ ಸೀಸನ್‌ನ ಖಳನಾಯಕ ಓಗ್ರಾನ್ ಅದನ್ನು ಕಿತ್ತುಕೊಂಡು ಒಂದು ಬಾಡಿದ ಹೂವನ್ನು ಬದುಕಿಸಿ ಹಾಳು ಮಾಡುತ್ತಾನೆ. ಆ ದೃಶ್ಯ ನೋಡಿ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಒಂದು ಶಕ್ತಿ ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು ಅದು ಕೆಲಸ ಮಾಡಿದಾಗ ಅಲ್ಲ, ಕೈತಪ್ಪಿದಾಗ.

ಮೊದಲ ಸೀಸನ್ ಕೂಡ ಹೀಗೇ. ಟ್ರಿಕ್ಸ್ ಮಾಟಗಾತಿಯರು ಬ್ಲೂಮ್‌ಳ ಜ್ವಾಲೆಯನ್ನೇ ಕದ್ದುಬಿಡುತ್ತಾರೆ. ಶಕ್ತಿ ಇಲ್ಲದ ಬ್ಲೂಮ್ ಹೇಗಿರುತ್ತಾಳೆ ಅಂತ ನಾವು ನೋಡಿದ್ದರಿಂದಲೇ ಅದು ಮರಳಿದಾಗ ಅಷ್ಟು ಖುಷಿಯಾಗುತ್ತದೆ. ಹಾಗಾಗಿ ಪ್ರತಿ ಪುಟದಲ್ಲೂ ಈ ಪ್ರಶ್ನೆ ಇರಲಿ: ಈ ರೂಪ ಇಲ್ಲದೆ ಅವರು ಸೋತದ್ದನ್ನು ಕಥೆ ತೋರಿಸಿದೆಯಾ?

ಒಬ್ಬೊಬ್ಬರ ಶಕ್ತಿಯನ್ನೂ ಬೇರೆಯಾಗಿ ನೋಡುವುದು ಮರೆಯಬೇಡಿ. ಹೋರಾಟದ ದೃಶ್ಯ ಹಾಕಿ, ಯಾರ ಕೈಯಿಂದ ಏನು ಹೊರಡುತ್ತದೆ ಗಮನಿಸಿ. ಫ್ಲೋರಾ ಬಳ್ಳಿಯಿಂದ ಕಟ್ಟಿಹಾಕಿದರೆ, ಮ್ಯೂಸಾ ಸದ್ದಿನ ಅಲೆಯಿಂದ ತಳ್ಳಿದರೆ, ಟೆಕ್ನಾ ಗುರಾಣಿಯ ಥರ ಬಲೆ ಕಟ್ಟಿದರೆ, ಐಶಾ ಮಾರ್ಫಿಕ್ಸ್‌ಗೆ ಬೇಕಾದ ಆಕಾರ ಕೊಟ್ಟರೆ ಸರಿ. ಎಲ್ಲರೂ ಬೇರೆ ಬೇರೆ ಬಣ್ಣದ ಒಂದೇ ಥರದ ಬೆಳಕಿನ ಚೆಂಡು ಎಸೆಯುತ್ತಿದ್ದರೆ, ಹೆಸರು ಎಷ್ಟೇ ಚಂದ ಇರಲಿ, ಅದು ಒಂದೇ ಶಕ್ತಿ. ನಂತರದ ಸೀಸನ್‌ಗಳಲ್ಲಿ ಇದು ಜಾಸ್ತಿ ಕಾಣುತ್ತದೆ, ಅದಕ್ಕೆ ಮಾರ್ಕ್ಸ್ ಕಡಿಮೆ ಮಾಡುವುದರಲ್ಲಿ ತಪ್ಪೇನಿಲ್ಲ.

ಆರನೇ ಹಂತ: ಎಷ್ಟು ದಿನ ಬದುಕಿತು?

ಮೇಲೆ ಹೇಳಿದ ಲೆಕ್ಕ ಇಲ್ಲಿ ಬರುತ್ತದೆ. ಮ್ಯಾಜಿಕ್ ವಿಂಕ್ಸ್ ಮೂರನೇ ಸೀಸನ್‌ನ ಶುರುವಿನವರೆಗೂ ಇತ್ತು. ಅದರಲ್ಲಿ ಅವರು ಗೆದ್ದರು, ಸೋತರು, ಬೆಳೆದರು. ಸೋಫಿಕ್ಸ್, ಲವಿಕ್ಸ್, ಹಾರ್ಮೋನಿಕ್ಸ್ ಬಂದು ಕೆಲವೇ ಎಪಿಸೋಡ್‌ಗಳಲ್ಲಿ ಹೋದವು. ಹಾರ್ಮೋನಿಕ್ಸ್‌ನ ಹರಿಯುವ ಬಟ್ಟೆ, ಮೀನಿನ ಈಜುರೆಕ್ಕೆಯಂಥ ರೆಕ್ಕೆ ನನ್ನ ಕಣ್ಣಿಗೆ ಸಿರೆನಿಕ್ಸ್‌ಗಿಂತ ಚೆನ್ನಾಗಿದೆ. ಆದರೆ ಅದು ಮೆಟ್ಟಿಲು ಮಾತ್ರ, ಸಿರೆನಿಕ್ಸ್ ಸಿಕ್ಕಿದ ಕೂಡಲೇ ಮುಗಿಯಿತು. ಹೊಸ ರೂಪ ಬಂದರೆ ಹೊಸ ಗೊಂಬೆಯೂ ಬರುತ್ತದೆ, ಆ ಲೆಕ್ಕಾಚಾರ ಎಲ್ಲರಿಗೂ ಗೊತ್ತು. ಅದಕ್ಕೆ ಕೋಪ ಮಾಡಿಕೊಂಡು ಸೊನ್ನೆ ಕೊಡಬೇಡಿ, ರೂಪ ಕಥೆಯಲ್ಲಿ ಬೇರು ಬಿಡಲು ಸಮಯ ಸಿಕ್ಕಿತಾ ಅಂತ ಮಾತ್ರ ನೋಡಿ.

ಕೊನೆಗೆ ಮಾರ್ಕ್ಸ್

ನಾನು ಹತ್ತಕ್ಕೆ ಹೀಗೆ ಹಂಚುತ್ತೇನೆ: ಪಡೆದ ರೀತಿಗೆ 3, ಪವರ್‌ಗೆ 3, ನೋಟಕ್ಕೆ 2, ರೂಪಾಂತರದ ದೃಶ್ಯಕ್ಕೆ 1, ಬಾಳಿಕೆಗೆ 1. ನಿಮಗೆ ನೋಟವೇ ಮುಖ್ಯ ಅನ್ನಿಸಿದರೆ ಅದಕ್ಕೆ 4 ಇಡಿ, ತೊಂದರೆ ಇಲ್ಲ. ಆದರೆ ಮೊದಲೇ ತೀರ್ಮಾನಿಸಿ, ನೋಡುತ್ತಾ ನೋಡುತ್ತಾ ಇಷ್ಟದ ರೂಪಕ್ಕೆ ತಕ್ಕಂತೆ ಬದಲಾಯಿಸಬೇಡಿ. ಅಂಕಿಗಿಂತ ಮೊದಲು ಕಾರಣ ಬರೆಯಿರಿ. ಇದು ತುಂಬಾ ಮುಖ್ಯ, ಅಂಕಿ ಮೊದಲು ಬರೆದರೆ ಆಮೇಲೆ ಮನಸ್ಸು ಆ ಅಂಕಿಗೆ ಕಾರಣ ಹುಡುಕಲು ಶುರು ಮಾಡುತ್ತದೆ.

ಬಿಲೀವಿಕ್ಸ್ ಒಂದನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಪಡೆದ ರೀತಿ: ನಂಬಿಕೆಯ ಯೋಚನೆ ಹೊಸದು, ಆದರೆ ಗುಂಪಿಗೆ ಒಟ್ಟಿಗೆ ಸಿಕ್ಕಿತು, 1.5. ಪವರ್: ಮೂರು ಬಗೆಯ ರೆಕ್ಕೆ, ಮೂರು ಸ್ಪಷ್ಟ ಕೆಲಸ, 3ಕ್ಕೆ 2.5, ಅರ್ಧ ಕಡಿಮೆ ಯಾಕೆಂದರೆ ಆ ರೆಕ್ಕೆಗಳನ್ನು ಇನ್ನೂ ಜಾಸ್ತಿ ಬಳಸಬಹುದಿತ್ತು. ನೋಟ: ರೆಕ್ಕೆ ಚೆನ್ನಾಗಿದೆ, ಬಟ್ಟೆ ಕಥೆಗೆ ಹೊಂದುತ್ತದೆ ಆದರೆ ಮಾಯೆ ಕಡಿಮೆ, 1. ದೃಶ್ಯ: ಖುಷಿ ಇದೆ, ವೇಗ ಇದೆ, 1. ಬಾಳಿಕೆ: ಇಡೀ ಸೀಸನ್ ನಡೆಯಿತು, ಐದನೇ ಸೀಸನ್‌ಗೂ ಕಾಲಿಟ್ಟಿತು, 1. ಒಟ್ಟು 7. ಎಂಚಾಂಟಿಕ್ಸ್‌ಗೆ ನನ್ನ ಪುಟದಲ್ಲಿ 9.5 ಇದೆ. ಆ ಅರ್ಧ ಹೋಗಿದ್ದು ಪುಟ್ಟದಾಗುವ ಶಕ್ತಿಗೆ, ಅಷ್ಟು ಒಳ್ಳೆಯ ಶಕ್ತಿಯನ್ನು ಕಥೆ ಕೆಲವೇ ಕಡೆ ಬಳಸಿತು. ಬಟರ್‌ಫ್ಲಿಕ್ಸ್‌ಗೆ 4.5, ಅದರಲ್ಲಿ ಹೆಚ್ಚಿನದು ಫ್ಲೋರಾ ಸಂಪಾದಿಸಿಕೊಟ್ಟದ್ದು.

ನಿಮ್ಮ ಮಾರ್ಕ್ಸ್ ಬಾಲ್ಯದ ನೆನಪಿನಿಂದ ಬಂದಿದೆಯೋ ಅಂತ ಅನುಮಾನ ಬಂದರೆ ಒಂದು ಪರೀಕ್ಷೆ ಇದೆ. ಎಂಟನೇ ಸೀಸನ್‌ನಲ್ಲಿ ಎಂಚಾಂಟಿಕ್ಸ್ ಮತ್ತೆ ಬಂತು, ಹೊಸ ಚಿತ್ರಶೈಲಿಯಲ್ಲಿ, ಮುಖಗಳು ಇನ್ನೂ ಎಳೆಯದಾಗಿ. ಹೆಸರು ಅದೇ, ರೆಕ್ಕೆಯ ಯೋಚನೆ ಅದೇ. ಮೂರನೇ ಸೀಸನ್‌ನ ಒಂದು ಚಿತ್ರ, ಎಂಟನೇ ಸೀಸನ್‌ನ ಒಂದು ಚಿತ್ರ ಪಕ್ಕಪಕ್ಕ ಇಟ್ಟು ಎರಡಕ್ಕೂ ಬೇರೆ ಬೇರೆ ಪುಟ ಮಾಡಿ, ಹಳೆ ಪುಟ ನೋಡದೆ ಮೊದಲಿನಿಂದ ತೂಗಿ. ನಾನು ಮಾಡಿದಾಗ ನೋಟದ ಅಂಕ ಅಂದುಕೊಂಡಷ್ಟು ಬಿದ್ದಿರಲಿಲ್ಲ, ಬರೀ ಅರ್ಧ ಅಷ್ಟೇ. ಬಿದ್ದಿದ್ದು ಪಡೆದ ರೀತಿಯ ಅಂಕ: ಅಲ್ಲಿ ಕಣ್ಣು ಕಳೆದುಕೊಂಡ ಐಶಾ ಇರಲಿಲ್ಲ, ಓಮೆಗಾ ದ್ವಾರದ ಮುಂದೆ ನಿಂತ ಟೆಕ್ನಾ ಇರಲಿಲ್ಲ.